ಕೋಬ್ರಾ ಕಾರ್ಡಿನ ಐವತ್ತೆಂಟು

ನರೇಂದ್ರನಿಗೆ ಇಪ್ಪತ್ತೇಳನೇ ವಯಸ್ಸಿಗೇ ಅಭಿಮಾನಿಗಳಿದ್ದರು. ಜಯನಗರ, ಬನಶಂಕರಿ, ಬಿಟಿಎಂ ಲೇಔಟ್ ಎಲ್ಲ ಸೇರಿಸಿದರೂ ಮೂವತ್ತೋ ನಲವತ್ತೋ ಜನ ಆಗುತ್ತಿದ್ದರೇನೋ. ಇರಲಿ, ಅಭಿಮಾನಿಗಳು ಅಂದಮೇಲೆ ಅಭಿಮಾನಿಗಳೇ. ಈ ಬಡಾವಣೆಗಳ ಗೇಟಿನೊಳಕ್ಕೆ ಶನಿವಾರ ಶನಿವಾರ ಬಿಟ್ಟಿಯಾಗಿ ಬಂದು ಬೀಳುವ ಎಂಟು ಪುಟದ ಪತ್ರಿಕೆಯೊಂದಿತ್ತು. ಅದರ ಆರನೇ ಪುಟದಲ್ಲಿ, ಮನೆ ಬಾಡಿಗೆಗಿದೆ ಅನ್ನುವ ಜಾಹೀರಾತಿನ ಕೆಳಗೆ, ಟೈಲರಿಂಗ್ ಕ್ಲಾಸಿನ ಜಾಹೀರಾತಿನ ಮೇಲೆ, ನರೇಂದ್ರ ಕಂಪ್ಯೂಟರಿನ ಬಗ್ಗೆ ಬರೆಯುತ್ತಿದ್ದ. ಎರಡು ಸಾವಿರದ ಮೂರನೇ ಇಸವಿ. ಮನೆಗೊಂದು ಕಂಪ್ಯೂಟರ್ ತರುವುದಕ್ಕೆ ಜನ ಮಗಳಿಗೆ ಗಂಡು ನೋಡುವಷ್ಟೇ ವಿಚಾರಣೆ ಮಾಡುತ್ತಿದ್ದ ಕಾಲ. ವಿಚಾರಿಸುವುದಕ್ಕೆ ಒಬ್ಬ ಸಿಕ್ಕಿದನಲ್ಲ ಎಂದು ಕೆಲವರು ಪತ್ರಿಕೆ ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಬರುತ್ತಿದ್ದರು.

ಅಂಗಡಿ ನರೇಂದ್ರನದಲ್ಲ, ಚಲುವರಾಜು ಅನ್ನುವವರದು. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಪಾತ್ರೆ ಅಂಗಡಿಯ ಮೇಲಿನ ಮಹಡಿ. ಬಿಡಿಭಾಗ ಜೋಡಿಸಿ ಕಂಪ್ಯೂಟರ್ ಕಟ್ಟಿಕೊಡುವುದು ನರೇಂದ್ರನ ಕೆಲಸ. ಗಿರಿನಗರದ ಮನೆಯಿಂದ ಬೆಳಿಗ್ಗೆ ಹತ್ತಕ್ಕೆ ಬಂದರೆ ಕತ್ತಲಾಗುವವರೆಗೆ ಸ್ಕ್ರೂಡ್ರೈವರ್ ಕೆಳಗಿಡುತ್ತಿರಲಿಲ್ಲ. ಕೆಲಸಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪತ್ರಿಕೆಯಲ್ಲಿ ಹೆಸರು ಬರುವುದಕ್ಕೆ ಶುರುವಾದಮೇಲೆ ಅವನ ನಡಿಗೆ ಸ್ವಲ್ಪ ನಿಧಾನವಾಗಿತ್ತು. ಯಾರಾದರೂ ಪ್ರಶ್ನೆ ಕೇಳಿದರೆ ಒಂದು ಗಳಿಗೆ ಕಣ್ಣು ಮುಚ್ಚಿ ಆಮೇಲೆ ಉತ್ತರ ಕೊಡುತ್ತಿದ್ದ. ಎಲ್ಲಿ ಕಲಿತನೋ ಕಾಣೆ.

ಅವನ ಅಂಕಣಕ್ಕೊಂದು ಕ್ರಮವಿತ್ತು. ಒಂದೇ ಜಾತಿಯ ಎರಡು ಸಾಮಾನು ತೆಗೆದುಕೊಂಡು ಅಕ್ಕಪಕ್ಕ ಇಟ್ಟು ತೂಗುವುದು. ಎರಡು ಮಾನಿಟರ್, ಎರಡು ಪ್ರಿಂಟರ್, ಎರಡು ಹಾರ್ಡ್ ಡಿಸ್ಕ್. ಕೊನೆಗೆ ಒಂದು ಪಟ್ಟಿ. ಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಎರಡನ್ನೂ ನಾವೇ ಪರೀಕ್ಷಿಸಿ ನೋಡಿದ್ದು. ನಾವು ಅಂದರೆ ನರೇಂದ್ರ ಒಬ್ಬನೇ. ಆದರೂ ಆ ಸಾಲು ಸುಳ್ಳಾಗಿರಲಿಲ್ಲ. ಗಿರಾಕಿ ಕೊಂಡ ಸಾಮಾನನ್ನು ಜೋಡಿಸುವಾಗಲೇ ಒಂದರ್ಧ ಗಂಟೆ ಪರೀಕ್ಷೆ ನಡೆಸಿ, ಅಂಕಿ ಬರೆದುಕೊಂಡು, ಆಮೇಲೆ ಮನೆಗೆ ಕಳಿಸುತ್ತಿದ್ದ. ಜನ ನಂಬುತ್ತಿದ್ದದ್ದು ಆ ಒಂದು ಸಾಲನ್ನು.

ಆಷಾಢದ ಒಂದು ವಾರ ಅವನು ಗ್ರಾಫಿಕ್ಸ್ ಕಾರ್ಡುಗಳ ಬಗ್ಗೆ ಬರೆಯಲು ಕೂತ. ಪರದೆಯ ಮೇಲೆ ಚಿತ್ರ ಬಿಡಿಸುವುದಕ್ಕೆಂದೇ ಕಂಪ್ಯೂಟರಿನೊಳಗೆ ಸಿಕ್ಕಿಸುವ ಅಂಗೈ ಉದ್ದದ ಹಲಗೆ ಅದು. ಸೆಕೆಂಡಿಗೆ ಎಷ್ಟು ಚಿತ್ರ ಬಿಡಿಸುತ್ತದೆ ಅನ್ನುವುದೇ ಅದರ ಯೋಗ್ಯತೆ. ಮೂವತ್ತರ ಮೇಲಿದ್ದರೆ ಪರದೆಯ ಮೇಲಿನ ಓಟ ನೀರು ಹರಿದ ಹಾಗಿರುತ್ತದೆ, ಕೆಳಗಿಳಿದರೆ ಕುಂಟುತ್ತದೆ. ಅಂಗಡಿಯಲ್ಲಿ ಆಗ ಓಡುತ್ತಿದ್ದದ್ದು ಎರಡು ಕಾರ್ಡು. ಒಂದು ಓರಿಯನ್, ಅರವತ್ತನಾಲ್ಕು ಎಂಬಿ ಮೆಮೊರಿ. ಇನ್ನೊಂದು ಆಗತಾನೇ ಬಂದ ಕೋಬ್ರಾ, ನೂರಾ ಇಪ್ಪತ್ತೆಂಟು ಎಂಬಿ. ಡಬ್ಬದ ಮೇಲೆ ಹೆಡೆ ಎತ್ತಿದ ಹಾವಿನ ಚಿತ್ರ ಬೇರೆ. ಬೆಲೆ ಹೆಚ್ಚುಕಡಿಮೆ ಒಂದೇ.

ಓರಿಯನ್ ನರೇಂದ್ರನ ಸ್ವಂತ ಕಂಪ್ಯೂಟರಿನಲ್ಲೇ ಇತ್ತು. ಪರೀಕ್ಷೆಯ ಪ್ರೋಗ್ರಾಮು ಹಾಕಿದ. ಅದರಲ್ಲಿ ಕ್ಯಾಮೆರಾ ಒಂದು ಹಾಳು ಕೋಟೆಯೊಳಗೆಲ್ಲ ಸುತ್ತಿ ಬಂದು ಕೊನೆಗೆ ಅಂಕಿ ಹೇಳುತ್ತದೆ. ನಲವತ್ತೊಂದು. ಇನ್ನು ಕೋಬ್ರಾ ಉಳಿಯಿತು. ಅದನ್ನು ಆ ವಾರ ಯಾರೂ ಕೊಂಡಿರಲಿಲ್ಲ.

"ಒಂದು ಡಬ್ಬ ಒಡೀಲಾ ಅಣ್ಣ?" ಎಂದು ಚಲುವರಾಜುವನ್ನು ಕೇಳಿದ.

"ಸೀಲ್ ಒಡೆದ್ರೆ ಯಾರು ಗುರು ತಗೋತಾರೆ ಅದನ್ನ?" ಎಂದರು ಚಲುವರಾಜು. "ಗಿರಾಕಿ ಬರಲಿ, ಆಗ ನೋಡ್ಕೋ."

ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಸೀಲ್ ಒಡೆದ ಡಬ್ಬ ಅಂದರೆ ನಮ್ಮ ಜನಕ್ಕೆ ಯಾರೋ ಎಂಜಲು ಮಾಡಿಟ್ಟ ತಟ್ಟೆ. ನರೇಂದ್ರ ಗಿರಾಕಿಗೆ ಕಾಯಬಹುದಿತ್ತು, ಒಂದು ವಾರ ಬೇರೇನಾದರೂ ಬರೆಯಬಹುದಿತ್ತು. ಆದರೆ ಬುಧವಾರ ಮಧ್ಯಾಹ್ನದೊಳಗೆ ಲೇಖನ ಕೊಡಬೇಕು, ಓರಿಯನ್ ಬಗ್ಗೆ ಆಗಲೇ ಬರೆದು ಮುಗಿಸಿದ್ದಾಗಿದೆ, ಕೋಬ್ರಾದ ಡಬ್ಬದ ಹಿಂಭಾಗದಲ್ಲಿ ಮೆಮೊರಿ ಎಷ್ಟು, ಚಿಪ್ಪಿನ ವೇಗ ಎಷ್ಟು ಎಂಬುದೆಲ್ಲ ಅಚ್ಚಾಗಿಯೇ ಇದೆ. ಮೆಮೊರಿ ಎರಡರಷ್ಟು, ಚಿಪ್ಪಿನ ವೇಗವೂ ಒಂದು ಕೈ ಮೇಲೆ. ಹಾಗಾದರೆ ಅಂಕಿ ಎಷ್ಟು ಬರಬೇಕು? ಎಂಬತ್ತೆರಡು ಅಂದರೆ ಅತಿಯಾಯಿತು. ಅರವತ್ತು ಅಂದರೆ ಊಹೆ ಅಂತ ಗೊತ್ತಾಗಿಬಿಡುತ್ತದೆ. ಐವತ್ತೆಂಟು ಅಂದರೆ ಕೂತು ಎಣಿಸಿದ ಹಾಗಿರುತ್ತದೆ. ಐವತ್ತೆಂಟು ಅಂತ ಬರೆದ. ಕೆಳಗಿನ ಸಾಲು ಪ್ರತಿ ವಾರದ ಹಾಗೆ ತನ್ನ ಪಾಡಿಗೆ ತಾನು ಅಚ್ಚಾಯಿತು.

ಮುಂದಿನ ಮೂರು ವಾರದಲ್ಲಿ ಹನ್ನೊಂದು ಕೋಬ್ರಾ ಹೋದವು. ಅದರಲ್ಲಿ ನಾಲ್ಕನ್ನು ನರೇಂದ್ರನೇ ಕೈಯಾರೆ ಜೋಡಿಸಿದ. ಒಂದಕ್ಕಾದರೂ ಪರೀಕ್ಷೆ ಹಾಕಿ ನೋಡಿದನೇ ಅಂದರೆ ಇಲ್ಲ. ಪರದೆ ಹತ್ತಿಕೊಂಡಿತಾ, ಸರಿ, ಪ್ಯಾಕ್ ಮಾಡು. ಪುರುಸೊತ್ತಿಲ್ಲ ಅಂತ ತನಗೆ ತಾನೇ ಹೇಳಿಕೊಂಡ. ಪುರುಸೊತ್ತು ಇತ್ತು. ಧೈರ್ಯ ಇರಲಿಲ್ಲ.

ನಾಲ್ಕನೇ ವಾರದ ಬುಧವಾರ ಅಂಗಡಿಯ ಮೆಟ್ಟಿಲು ಹತ್ತಿ ಒಬ್ಬ ಹೆಣ್ಣುಮಗಳು ಬಂದಳು. ಇಪ್ಪತ್ತೈದರ ಆಸುಪಾಸು, ಹೆಗಲಿಗೆ ಬಟ್ಟೆಯ ಚೀಲ, ಕೈಯಲ್ಲಿ ಇನ್ನೂರು ಪುಟದ ನೋಟ್‌ಬುಕ್ಕು. ಮಾತು ಕೇಳಿದರೆ ಬಡಗಲ ಸೀಮೆಯವಳೆಂದು ತಿಳಿಯುತ್ತಿತ್ತು.

"ನರೇಂದ್ರ ಅಂದ್ರ ನೀವ ಏನ್ರಿ ಸರ? ನಿಮ್ಮ ಲೇಖನ ಓದೇ ಕೋಬ್ರಾ ತಗೊಂಡೀನ್ರಿ. ನನ್ನ ಹೆಸರು ವಿಜಯಲಕ್ಷ್ಮಿ."

ನರೇಂದ್ರ ಎಂದಿನಂತೆ ಕಣ್ಣು ಮುಚ್ಚಲು ಹೋದವನು ಯಾಕೋ ಮುಚ್ಚಲಿಲ್ಲ.

ವಿಜಯಲಕ್ಷ್ಮಿ ಜೆಪಿ ನಗರದ ಒಬ್ಬ ಆರ್ಕಿಟೆಕ್ಟರ ಆಫೀಸಿನಲ್ಲಿ ನಕ್ಷೆ ಬಿಡಿಸುವ ಕೆಲಸದಲ್ಲಿದ್ದಳು. ಸಂಜೆ ಕ್ಲಾಸಿಗೆ ಹೋಗಿ ಇನ್ನೂ ಕಟ್ಟದ ಮನೆಯೊಳಗೆ ಪರದೆಯ ಮೇಲೆ ಓಡಾಡಿಸಿ ತೋರಿಸುವ ವಿದ್ಯೆ ಕಲಿತಿದ್ದಳು. ತಲಘಟ್ಟಪುರದ ಕಡೆ ಏಳಲಿರುವ ಅಪಾರ್ಟ್‌ಮೆಂಟಿಗೆ ಅಂಥದ್ದೊಂದು ಬೇಕಾಗಿತ್ತು. ಬರುವ ಸೋಮವಾರ ಅವಳ ಕಂಪ್ಯೂಟರಿನಲ್ಲೇ ಬಿಲ್ಡರಿಗೆ ಅದನ್ನು ತೋರಿಸಬೇಕು. ಚೆನ್ನಾಗಿ ಬಂದರೆ ಇನ್ನು ಮುಂದೆ ಆ ಕೆಲಸವೆಲ್ಲ ಅವಳಿಗೆ, ಇಲ್ಲದಿದ್ದರೆ ಮತ್ತೆ ಬೇರೆಯವರು ಗೀಚಿದ ನಕ್ಷೆ ತಿದ್ದುತ್ತ ಕೂರುವುದು. ಅವಳು ಮಾಡಿದ ಮನೆಯೇನೋ ಸೊಗಸಾಗಿತ್ತು. ಆದರೆ ಬಾಗಿಲು ದಾಟಿ ಹಾಲಿಗೆ ಬರುವಷ್ಟರಲ್ಲಿ ಪರದೆ ಮೂರು ಸಲ ಮುಗ್ಗರಿಸುತ್ತಿತ್ತು.

"ನಾ ಎಲ್ಲೋ ತಪ್ಪ ಮಾಡಾಕತ್ತೀನಿ ಅನಸ್ತೈತ್ರಿ ಸರ. ನಿಮಗ ಐವತ್ತೆಂಟು ಬಂದೈತಿ. ನನಗ ಇಪ್ಪತ್ಮೂರರ ಮ್ಯಾಲೆ ಹೋಗವಲ್ದು."

ನೋಟ್‌ಬುಕ್ಕು ಬಿಡಿಸಿ ಮುಂದಿಟ್ಟಳು. ಅಂಗಡಿಯಲ್ಲಿ ಕೇಳಿದವರಿಗೆಲ್ಲ ಕೊಡುತ್ತಿದ್ದ ಅದೇ ಪರೀಕ್ಷೆಯ ಸಿಡಿ ಹಾಕಿ ಏಳು ಸಲ ನೋಡಿದ್ದಳು. ದಿನಾಂಕ, ಹೊತ್ತು, ಫ್ಯಾನ್ ಹಾಕಿತ್ತೋ ಇಲ್ಲವೋ, ಬೇರೆ ಪ್ರೋಗ್ರಾಮು ತೆರೆದಿತ್ತೋ ಇಲ್ಲವೋ, ಎಲ್ಲವನ್ನೂ ನೀಲಿ ಇಂಕಿನಲ್ಲಿ ಗೆರೆ ಎಳೆದು ಬರೆದಿದ್ದಳು. ಇಪ್ಪತ್ತಮೂರು, ಇಪ್ಪತ್ತಮೂರು, ಇಪ್ಪತ್ತೆರಡು, ಇಪ್ಪತ್ತಮೂರು. ನರೇಂದ್ರ ತನ್ನ ಜೀವಮಾನದಲ್ಲಿ ಅಷ್ಟು ಅಚ್ಚುಕಟ್ಟಾಗಿ ಒಂದೂ ಪರೀಕ್ಷೆ ಮಾಡಿರಲಿಲ್ಲ.

"ಡ್ರೈವರ್ ಪ್ರಾಬ್ಲಂ ಇರ್ಬೇಕು ಮೇಡಂ," ಎಂದ, ಕಾರ್ಡು ನಡೆಸುವ ಪ್ರೋಗ್ರಾಮಿನ ಮೇಲೆ ತಪ್ಪು ಹೊರಿಸಿ. "ನಾಳೆ ಸಂಜೆ ಮನೆಗೇ ಬಂದು ನೋಡ್ತೀನಿ."

"ನಿಮಗ್ಯಾಕ ತ್ರಾಸು," ಎಂದಳು, ಆದರೆ ವಿಳಾಸ ಬರೆದುಕೊಟ್ಟಳು.

ಬಿಟಿಎಂ ಎರಡನೇ ಹಂತದಲ್ಲಿ ಮೂರನೇ ಮಹಡಿಯ ಮೇಲಿನ ಒಂದೂವರೆ ಕೋಣೆಯ ಬಾಡಿಗೆ ಮನೆ. ಗುರುವಾರ ಸಂಜೆ ನರೇಂದ್ರ ಹೋದಾಗ ಅವಳ ತಂದೆ ಬಾಗಿಲು ತೆಗೆದರು. ಏಕಾಂತಯ್ಯ ಅಂತ. ಗಜೇಂದ್ರಗಡದ ಕಡೆಯ ಜಂಗಮರು, ಊರಲ್ಲಿ ಪೋಸ್ಟ್‌ಮನ್ ಆಗಿದ್ದು ರಿಟೈರಾದವರು. ಹೆಂಡತಿ ಹೋದಮೇಲೆ ಮಗಳ ಜೊತೆ ಬಂದು ಇದ್ದರು. ಹಣೆಯ ತುಂಬ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಮಗಳು ಆಫೀಸಿಗೆ ಹೋದರೆ ರೊಟ್ಟಿ ಬಡಿಯುವುದರಿಂದ ಹಿಡಿದು ಬಟ್ಟೆ ಮಡಿಸುವವರೆಗೆ ಎಲ್ಲ ಅವರದೇ. ಮಗಳ ಹೆಸರು ಪೇಪರಿನಲ್ಲಿ ಬರುವ ಕಾಲ ದೂರವಿಲ್ಲ ಎಂದು ಕೆಳಗಿನ ಮನೆಯವರಿಗೆಲ್ಲ ಹೇಳಿಯಾಗಿತ್ತು. ಪೇಪರಿನಲ್ಲಿ ಬರೆಯುವ ಮನುಷ್ಯನೇ ಮನೆಗೆ ಬಂದದ್ದು ನೋಡಿ ಅವರು ಕುರ್ಚಿಯನ್ನು ಪಂಚೆಯ ತುದಿಯಿಂದ ಒರೆಸಿ ಕೊಟ್ಟರು.

ಹಾಲಿನಲ್ಲಿ ಒಂದೇ ಪ್ಲಗ್ ಪಾಯಿಂಟು. ಹಾಗಾಗಿ ಕಂಪ್ಯೂಟರ್ ಮೇಜು ಪೂಜೆಯ ಜಗುಲಿಯ ಪಕ್ಕಕ್ಕೇ ಇತ್ತು. ಸೆಕೆಗೆ ಕಂಪ್ಯೂಟರ್ ಕಾದುಹೋಗುತ್ತದೆ ಎಂದು ಆಗ ಎಲ್ಲರೂ ಮಾಡುವ ಹಾಗೆ ಡಬ್ಬದ ಒಂದು ಪಕ್ಕದ ತಗಡು ಬಿಚ್ಚಿಟ್ಟಿದ್ದರು. ನರೇಂದ್ರ ಪರೀಕ್ಷೆ ಹಾಕಿದ. ಇಪ್ಪತ್ತಮೂರು. ಮತ್ತೆ ಹಾಕಿದ. ಇಪ್ಪತ್ತಮೂರು. ಕರೆಂಟು ತೆಗೆದು ಕಾರ್ಡನ್ನು ಕಿತ್ತು ಕೈಯಲ್ಲಿ ಹಿಡಿದ. ಹಲಗೆಯ ಮೇಲಿನ ಮೆಮೊರಿ ಚಿಪ್ಪುಗಳನ್ನು ಎಣಿಸಿದಾಗ ಎಲ್ಲ ಅರ್ಥವಾಯಿತು. ಓರಿಯನ್ನಿನಲ್ಲಿ ಎಂಟಿರುತ್ತಿದ್ದ ಕಡೆ ಇದರಲ್ಲಿ ಬರೀ ನಾಲ್ಕು. ಮೆಮೊರಿ ಜಾಸ್ತಿಯೇ, ಆದರೆ ಅಲ್ಲಿಂದ ಚಿತ್ರ ಹೊರಬರುವ ದಾರಿ ಅರ್ಧಕ್ಕರ್ಧ ಕಿರಿದು. ಸಂಪು ದೊಡ್ಡದು ತೋಡಿಸಿ ಪೈಪು ಸಣ್ಣದು ಹಾಕಿಸಿದ ಹಾಗೆ. ಕಾರ್ಡಿನ ಡಬ್ಬದ ಮೇಲೆ ಸಂಪಿನ ಅಳತೆ ಮಾತ್ರ ಅಚ್ಚಾಗಿತ್ತು. ಒಂದು ಸಲ, ಒಂದೇ ಒಂದು ಸಲ ಪರೀಕ್ಷೆ ಮಾಡಿದ್ದರೆ ಅವನಿಗೂ ಇಪ್ಪತ್ತಮೂರೇ ಬರುತ್ತಿತ್ತು.

"ಏನಾಗೇತ್ರಿ ಸರ?" ಎಂದಳು ವಿಜಯಲಕ್ಷ್ಮಿ. ನೋಟ್‌ಬುಕ್ಕು ತೆರೆದು ಪೆನ್ನು ಹಿಡಿದು ನಿಂತಿದ್ದಳು.

ಹೇಳುವುದಕ್ಕೆ ಅದೇ ಗಳಿಗೆ. ಎರಡು ಮಾತಿನಲ್ಲಿ ಮುಗಿಯುತ್ತಿತ್ತು. ನರೇಂದ್ರ ತಲೆ ತಗ್ಗಿಸಿ ಕಾರ್ಡನ್ನು ತಿರುಗಿಸಿದ. ಆಗ ಅವನ ಕಣ್ಣಿಗೆ ಬಿತ್ತು: ಸಣ್ಣ ಫ್ಯಾನಿನ ಪಕ್ಕದ ಅಲ್ಯೂಮಿನಿಯಮ್ಮಿನ ಮೇಲೆ, ಒಣಗಿದ ಮೂರು ಬಿಳಿ ಗೆರೆ. ಯಾರೋ ಒದ್ದೆ ಬೆರಳಿನಿಂದ ನೀಟಾಗಿ ವಿಭೂತಿ ಎಳೆದಿದ್ದರು. ಸ್ವಲ್ಪ ಪುಡಿ ಫ್ಯಾನಿನ ರೆಕ್ಕೆಗೂ ಮೆತ್ತಿಕೊಂಡಿತ್ತು. ಅದರಿಂದ ಕಾರ್ಡಿಗೆ ಏನೂ ಆಗುವುದಿಲ್ಲ ಎಂದು ನರೇಂದ್ರನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಮುಳುಗುತ್ತಿದ್ದವನ ಕೈಗೆ ಏನೋ ಸಿಕ್ಕಿತ್ತು.

"ನೋಡಿ ಮೇಡಂ," ಎಂದ, ಅವಳ ಮುಖವನ್ನೇ ನೋಡುತ್ತ. "ವಿಭೂತಿ ಫ್ಯಾನೊಳಗೆ ಹೋಗಿದೆ. ಗಾಳಿ ಆಡ್ತಿಲ್ಲ. ಬಿಸಿಯಾಗಿ ಸ್ಪೀಡು ಬಿದ್ದೋಗಿದೆ. ಅದಕ್ಕೇ ನಿಮಗೆ ಐವತ್ತೆಂಟು ಬರ್ತಿಲ್ಲ."

ವಿಜಯಲಕ್ಷ್ಮಿ ತಂದೆಯ ಕಡೆ ತಿರುಗಿದಳು. ಏಕಾಂತಯ್ಯ ತಟ್ಟೆಯಲ್ಲಿ ಅವಲಕ್ಕಿ ಹಿಡಿದುಕೊಂಡು ಬರುತ್ತಿದ್ದವರು ನಡುವೆಯೇ ನಿಂತರು.

"ನಾನ ಹಚ್ಚೀನ್ರಿ," ಎಂದರು. "ಹೊಸಾದು ಬಂದೈತಿ, ಅದರ ಮ್ಯಾಲೇ ಎಲ್ಲಾ ನಿಂತೈತಿ ಅಂತ ಅಕಿ ಅಂದಿದ್ಳು. ಅದಕ್ಕ..."

"ಅಪ್ಪಾ, ಅದರಾಗ ಕೈ ಹಾಕಂತ ನಿಮಗ ಯಾರ ಹೇಳಿದ್ರು?" ವಿಜಯಲಕ್ಷ್ಮಿಯ ದನಿ ಏರಿತು. "ಒಂಬತ್ತ ದಿನ ಆತು ನಿದ್ದಿಲ್ದ ಕುಂತೀನಿ ನಾ. ನನ್ನ ತಲೀನ ಸರಿ ಇಲ್ಲ ಅಂತ ತಿಳ್ಕೊಂಡಿದ್ದೆ. ಕಂಡದ್ದಕ್ಕೆಲ್ಲಾ ಬೂದಿ ಬಡಿಯೂದ ಆತು ನಿಮ್ದು."

ಬೂದಿ ಅಂದಳು. ಅಂದಮೇಲೆ ಅವಳಿಗೂ ಗೊತ್ತಾಯಿತು. ಹೊರಗಿನ ಗಂಡಸಿನ ಮುಂದೆ, ಅಯ್ಯನವರ ಮನೆಯ ಮಗಳು, ಅಪ್ಪನ ವಿಭೂತಿಗೆ ಬೂದಿ ಅಂದಿದ್ದಳು. ಏಕಾಂತಯ್ಯ ತಟ್ಟೆಯನ್ನು ಮೇಜಿನ ಮೇಲಿಡಲು ಬಂದವರು, ಮೇಜಿನ ಹತ್ತಿರ ಬರಬಾರದೇನೋ ಎಂದು ನೆಲದ ಮೇಲೇ ಇಟ್ಟು ಹಿಂದಕ್ಕೆ ಸರಿದರು. ನರೇಂದ್ರ ಬ್ರಷ್ಷಿನಿಂದ ಫ್ಯಾನು ಸ್ವಚ್ಛ ಮಾಡುವ ನಾಟಕ ಆಡಿ, ಬಿಸಿ ಆರಲಿ, ಎರಡು ದಿನ ಬಿಟ್ಟು ನೋಡಿ ಎಂದು ಹೇಳಿ, ಅವಲಕ್ಕಿ ಮುಟ್ಟದೆ ಮೆಟ್ಟಿಲಿಳಿದ.

ಶುಕ್ರವಾರ ಅವನಿಗೆ ಕೆಲಸದಲ್ಲಿ ಮನಸ್ಸಿರಲಿಲ್ಲ. ಪತ್ರಿಕೆಗೆ ಒಂದು ತಿದ್ದುಪಡಿ ಬರೆಯೋಣ ಅಂತ ಕೂತ. "ಮುದ್ರಣದೋಷದಿಂದಾಗಿ ಕಳೆದ ತಿಂಗಳ ಅಂಕಣದಲ್ಲಿ ಇಪ್ಪತ್ತಮೂರು ಎಂಬುದು ಐವತ್ತೆಂಟು ಎಂದಾಗಿದೆ" ಅಂತ ಬರೆದು ತಾನೇ ಓದಿಕೊಂಡ. ವಿಭೂತಿ ಆಯಿತು, ಇನ್ನು ಅಚ್ಚಿನ ಮನೆಯವನ ಸರದಿ. ಅದನ್ನು ಹರಿದು ಹಾಕಿದ. ಹರಿದು ಹಾಕಿದ್ದರಿಂದ ತಾನು ಸ್ವಲ್ಪ ಒಳ್ಳೆಯವನಾದೆ ಎಂದು ಒಂದು ನಿಮಿಷ ಅನ್ನಿಸಿತು ಕೂಡ. ಇಂಥ ಹೊತ್ತಿನಲ್ಲಿ ಮನುಷ್ಯ ಎಷ್ಟು ಸಣ್ಣದಕ್ಕೆಲ್ಲ ಸಮಾಧಾನ ಪಟ್ಟುಕೊಳ್ಳುತ್ತಾನೆ ಅಂತ ನೋಡಿದರೆ ನಗು ಬರುತ್ತದೆ.

ಶನಿವಾರ ಮಧ್ಯಾಹ್ನ ವಿಜಯಲಕ್ಷ್ಮಿ ಎಸ್‌ಟಿಡಿ ಬೂತಿನಿಂದ ಅಂಗಡಿಗೆ ಫೋನು ಮಾಡಿದಳು.

"ಇನ್ನೂ ಅಷ್ಟ ಬರಾಕತ್ತೈತ್ರಿ ಸರ. ಅಪ್ಪನ್ನೂ ಅದರ ಹತ್ರ ಬಿಟ್ಟಿಲ್ಲ. ಇರ್ಲಿ ಬಿಡ್ರಿ. ಸೋಮವಾರ ನಮ್ಮ ಸಾಹೇಬರಿಗೆ ನನ್ನ ಕೈಲಿ ಆಗಂಗಿಲ್ಲ ಅಂತ ಹೇಳಿಬಿಡ್ತೀನಿ. ನನಗ ಅಷ್ಟ ಬರ್ತೈತಿ ಅಂತ ಕಾಣಸ್ತೈತಿ."

"ನಾಳೆ ಬೆಳಿಗ್ಗೆ ಬರ್ತೀನಿ ಮೇಡಂ. ಅಲ್ಲೀವರ್ಗೂ ಯಾರಿಗೂ ಏನೂ ಹೇಳ್ಬೇಡಿ," ಎಂದ ನರೇಂದ್ರ.

ಆ ಸಂಜೆ ಮನೆಗೆ ಹೋಗಿ ತನ್ನ ಕಂಪ್ಯೂಟರಿನಿಂದ ಓರಿಯನ್ ಕಾರ್ಡು ಕಿತ್ತ. ಲೆಕ್ಕಾಚಾರ ಸರಳವಾಗಿತ್ತು. ಯಾರೂ ನೋಡದ ಹಾಗೆ ಅವಳ ಕೋಬ್ರಾ ತೆಗೆದು ತನ್ನ ಓರಿಯನ್ ಹಾಕಿಬಿಡುವುದು. ಅವಳ ಕೆಲಸ ಉಳಿಯುತ್ತದೆ, ತನ್ನ ಮಾನ ಉಳಿಯುತ್ತದೆ, ಸ್ವಂತ ಕಾರ್ಡು ಕಳೆದುಕೊಂಡರೆ ಪ್ರಾಯಶ್ಚಿತ್ತವೂ ಆದ ಹಾಗೆ. ಒಳ್ಳೆಯ ಉಪಾಯ ಎಂದುಕೊಂಡು ನೆಮ್ಮದಿಯಾಗಿ ಮಲಗಿದ.

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಬಿಟಿಎಂ ತಲುಪಿ ಮೆಟ್ಟಿಲು ಹತ್ತಿದವನು ಕೊನೆಯ ತಿರುವಿನಲ್ಲಿ ನಿಂತುಬಿಟ್ಟ. ಮನೆಯ ಬಾಗಿಲ ಹೊರಗೆ, ಚಪ್ಪಲಿ ಬಿಡುವ ಜಾಗದಲ್ಲಿ, ಏಕಾಂತಯ್ಯ ಮಣೆ ಹಾಕಿಕೊಂಡು ಗೋಡೆಗೆ ಮುಖ ಮಾಡಿ ಕೂತಿದ್ದರು. ಎಡಗೈಯಲ್ಲಿ ಇಷ್ಟಲಿಂಗ, ಕಣ್ಣು ಅದರ ಮೇಲೆ. ಪಕ್ಕದಲ್ಲಿ ವಿಭೂತಿ ಗಟ್ಟಿ, ನೀರಿನ ಗಿಂಡಿ, ನಾಲ್ಕು ಕಣಗಿಲೆ ಹೂವು. ಬೆನ್ನ ಹಿಂದೆ ಬಾಗಿಲು ಮುಚ್ಚಿತ್ತು. ಬಾಗಿಲಿನ ಸಂದಿಗೆ ಕೆಳಗಡೆ ಒಂದು ಹಳೇ ಟವೆಲ್ ತುರುಕಿತ್ತು. ಕೆಳಗಿನ ಮನೆಯ ಹೆಂಗಸು ಒಗೆದ ಬಟ್ಟೆಯ ಬಕೆಟ್ ಹಿಡಿದು ಟೆರೇಸಿಗೆ ಹೋಗುವಾಗ ಅವರಿಗೆ ತಾಗದಂತೆ ಓರೆಯಾಗಿ ದಾಟಿ, ಹಿಂತಿರುಗಿ ಒಂದು ಸಲ ನೋಡಿ ಹೋದಳು.

ನರೇಂದ್ರನಿಗೆ ದಾಟುವ ಧೈರ್ಯ ಬರಲಿಲ್ಲ. ಪೂಜೆ ಮುಗಿಯುವವರೆಗೆ ಮೆಟ್ಟಿಲ ಮೇಲೇ ನಿಂತಿದ್ದ. ಏಕಾಂತಯ್ಯ ಲಿಂಗವನ್ನು ಕರಡಿಗೆಯೊಳಗಿಟ್ಟು ತಿರುಗಿದವರು ಅವನನ್ನು ಕಂಡು ಗಡಿಬಿಡಿಯಿಂದ ಎದ್ದರು.

"ಬರ್ರಿ ಸರ, ಬರ್ರಿ. ವಿಭೂತಿ ಒಳಗ ಹಾರಂಗಿಲ್ಲ, ಕದಕ್ಕ ಟವೆಲ್ ಹಚ್ಚೀನಿ," ಎಂದರು. "ನೀವ ನಡೀರಿ. ನಾ ಮುಖಾ ತೊಳಕೊಂಡ ಬರ್ತೀನಿ."

ಟೆರೇಸಿನ ನಲ್ಲಿಯ ಹತ್ತಿರ ಬಗ್ಗಿ ಅವರು ಹಣೆಯನ್ನು ಉಜ್ಜಿ ಉಜ್ಜಿ ತೊಳೆದದ್ದು ನರೇಂದ್ರನಿಗೆ ಕಾಣಿಸಿತು. ಆಗತಾನೇ ಹಚ್ಚಿಕೊಂಡದ್ದು. ತಮ್ಮ ಮನೆಯೊಳಗೆ ತಾವು ಹೋಗುವುದಕ್ಕೆ ಅವರು ಅದನ್ನು ತೊಳೆದುಕೊಳ್ಳುತ್ತಿದ್ದರು. ಮೂರು ದಿನದಿಂದ ಹೀಗೇ ಇರಬೇಕು. ನರೇಂದ್ರ ಒಂದು ಮೆಟ್ಟಿಲು ಹಿಂದಕ್ಕಿಳಿದ. ಆದರೂ ಒಳಗೆ ಹೋದ. ಮೊದಲು ಕಾರ್ಡು ಹಾಕಿಬಿಡೋಣ, ಆಮೇಲೆ ಎಲ್ಲ ಸರಿಹೋಗುತ್ತದೆ ಎಂದುಕೊಂಡ.

ವಿಜಯಲಕ್ಷ್ಮಿ ಚಹಾ ಇಡಲು ಅಡುಗೆಮನೆಗೆ ಹೋದಾಗ ಅವನ ಕೈ ಚುರುಕಾಗಿ ಓಡಿತು. ಕೋಬ್ರಾ ಚೀಲಕ್ಕೆ, ಓರಿಯನ್ ಕಂಪ್ಯೂಟರಿಗೆ. ಅದಕ್ಕೆ ಬೇಕಾದ ಡ್ರೈವರಿನ ಸಿಡಿಯನ್ನೂ ತಂದಿದ್ದ. ಅವಳು ಲೋಟ ಹಿಡಿದು ಬರುವಷ್ಟರಲ್ಲಿ ಪರದೆಯ ಮೇಲೆ ಕೋಟೆಯೊಳಗಿನ ಸುತ್ತು ಮುಗಿಯುತ್ತಿತ್ತು. ನಲವತ್ತು. ಆಮೇಲೆ ಅವಳ ಅಪಾರ್ಟ್‌ಮೆಂಟನ್ನು ಹಾಕಿದ. ಬಾಗಿಲು ತೆರೆಯಿತು, ಹಾಲ್, ಅಡುಗೆಮನೆ, ಬಾಲ್ಕನಿ, ಎಲ್ಲೂ ಮುಗ್ಗರಿಸದೆ ಕ್ಯಾಮೆರಾ ನಡೆದುಹೋಯಿತು. ವಿಜಯಲಕ್ಷ್ಮಿ ಲೋಟ ಕೆಳಗಿಡುವುದನ್ನೂ ಮರೆತು ನೋಡಿದಳು.

"ಐವತ್ತೆಂಟು ಬರದಿದ್ರೂ ಅಡ್ಡಿಲ್ರಿ. ಇಷ್ಟ ಸಾಕು ನನಗ," ಎಂದಳು. ಅವಳ ಕಣ್ಣು ತುಂಬಿತ್ತು.

ಅಷ್ಟರಲ್ಲಿ ಏಕಾಂತಯ್ಯ ಒಳಗೆ ಬಂದು ಬಾಗಿಲ ಹತ್ತಿರವೇ ನಿಂತರು. ಹಣೆ ಬೋಳು. ಮೇಲೊಂದಿಷ್ಟು ನೀರಿನ ಹನಿ.

"ಅಪ್ಪಾ, ಸರಿ ಹೋತು ನೋಡ್ರಿ," ಎಂದಳು ಮಗಳು. ಗುರುವಾರದ ಸಿಟ್ಟೆಲ್ಲ ಹೋಗಿ ದನಿ ಮೆತ್ತಗಾಗಿತ್ತು, ಸಣ್ಣ ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು. "ನೀವು ಮೂರ ದಿನ ಹೊರಗ ಕುಂತಿದ್ದಕ್ಕ ಛಲೋ ಆತು. ಇನ್ನ ಮುಂದ ಹಿಂಗ ಹೊರಗ ಮಾಡ್ಕೋರಿ, ಆತೇನು?"

"ಆತವ್ವ," ಎಂದರು ಏಕಾಂತಯ್ಯ. "ನನಗೇನ ತ್ರಾಸಿಲ್ಲ. ಹೊರಗ ಗಾಳಿ ಛಲೋ ಬರ್ತೈತಿ."

ನರೇಂದ್ರ ಇದೊಂದನ್ನು ಲೆಕ್ಕ ಹಾಕಿರಲಿಲ್ಲ. ಕಾರ್ಡು ಸರಿಯಾದರೆ ಎಲ್ಲ ಸರಿಯಾಗುತ್ತದೆ ಅಂದುಕೊಂಡಿದ್ದ. ಸರಿಯಾದದ್ದರಿಂದಲೇ ಅವನ ಸುಳ್ಳಿಗೆ ಸಾಕ್ಷಿ ಸಿಕ್ಕಂತಾಗಿತ್ತು. ಇನ್ನು ಈ ಮನುಷ್ಯ ಬದುಕಿರುವವರೆಗೂ ಚಪ್ಪಲಿಯ ಪಕ್ಕ ಕೂತು ಪೂಜೆ ಮಾಡುತ್ತಾರೆ, ಹಣೆ ತೊಳೆದುಕೊಂಡು ಒಳಗೆ ಬರುತ್ತಾರೆ. ಮಗಳು ಅದನ್ನು ಪ್ರೀತಿಯಿಂದಲೇ ಮಾಡಿಸುತ್ತಾಳೆ. ಚಹಾದ ಲೋಟ ಅವನ ಮುಂದಿತ್ತು. ಅದನ್ನು ಮುಟ್ಟಲು ಕೈ ಬರಲಿಲ್ಲ.

"ಅದಲ್ಲ ಮೇಡಂ," ಎಂದ. "ಇದು ನಿಮ್ಮ ಕಾರ್ಡಲ್ಲ. ನಿಮ್ಮದು ಇಲ್ಲಿದೆ."

ಚೀಲದಿಂದ ಕೋಬ್ರಾ ತೆಗೆದು ಮೇಜಿನ ಮೇಲಿಟ್ಟ.

"ನೀವು ಅಡುಗೆಮನೇಲಿದ್ದಾಗ ನಮ್ಮನೆ ಕಾರ್ಡು ಹಾಕಿದೆ. ಕೋಬ್ರಾಗೆ ಬರೋದೇ ಇಪ್ಪತ್ತಮೂರು. ನೀವು ಏನೂ ತಪ್ಪು ಮಾಡಿಲ್ಲ. ನಾನು ಅದನ್ನ ಟೆಸ್ಟೇ ಮಾಡಿರಲಿಲ್ಲ. ಐವತ್ತೆಂಟು ಅನ್ನೋದು ನಾನೇ ಬರ್ಕೊಂಡಿದ್ದು. ಗುರುವಾರ ಇಲ್ಲಿ ಕೂತಾಗ ನಂಗೆ ಗೊತ್ತಾಯ್ತು. ಗೊತ್ತಾದ್ಮೇಲೂ ಹೇಳಲಿಲ್ಲ."

ವಿಜಯಲಕ್ಷ್ಮಿ ಮೇಜಿನ ಮೇಲಿದ್ದ ನೋಟ್‌ಬುಕ್ಕನ್ನು ಎತ್ತಿಕೊಂಡು, ಆ ಏಳು ಅಂಕಿಗಳಿದ್ದ ಪುಟ ತೆಗೆದು, ಒಂದೊಂದನ್ನೇ ನೋಡಿದಳು.

"ಏಳೂ ಸಲ ನಂದ ಸರಿ ಇತ್ತು," ಎಂದಳು. ಅವನಿಗಲ್ಲ, ತನಗೆ ತಾನೇ. ಆಮೇಲೆ ತಲೆ ಎತ್ತಿ, "ಎಷ್ಟ ಮಂದಿ ತಗೊಂಡಾರ್ರಿ ಇದನ್ನ?" ಎಂದು ಕೇಳಿದಳು.

"ಹನ್ನೊಂದು."

ಅವಳು ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ, ಬೈದಿದ್ದರೆ, ನರೇಂದ್ರನಿಗೆ ಹಗುರವಾಗುತ್ತಿತ್ತು. ಆ ಉಪಕಾರವನ್ನು ಅವಳು ಮಾಡಲಿಲ್ಲ.

ಮಾತಾಡಿದವರು ಏಕಾಂತಯ್ಯ. ಅವರಿಗೆ ಅಂಕಿಯ ವಿಷಯ ಎಷ್ಟು ಅರ್ಥವಾಯಿತೋ ಏನೋ. ಬಾಗಿಲಿನಿಂದ ಒಂದು ಹೆಜ್ಜೆ ಮಾತ್ರ ಮುಂದೆ ಬಂದರು.

"ಹಂಗಾದ್ರ ವಿಭೂತಿ ಏನೂ ಮಾಡಿಲ್ಲೇನ್ರಿ?"

"ಇಲ್ಲ. ಏನೂ ಮಾಡಿಲ್ಲ."

"ನನಗ ಹೇಳಬ್ಯಾಡ್ರಿ. ಅಕಿಗೆ ಹೇಳ್ರಿ. ಅವತ್ತ ಅಕಿ ಮುಖಾ ನೋಡೇ ಹೇಳಿದ್ರಿ."

ನರೇಂದ್ರ ವಿಜಯಲಕ್ಷ್ಮಿಯ ಕಡೆ ತಿರುಗಿದ. "ನಿಮ್ಮ ತಂದೆ ಹಚ್ಚಿದ ವಿಭೂತಿಯಿಂದ ಏನೂ ಆಗಿರಲಿಲ್ಲ. ನಾನು ಸುಳ್ಳು ಹೇಳಿದೆ," ಎಂದ.

ಅವಳು ಅವನನ್ನು ನೋಡುತ್ತಿರಲಿಲ್ಲ. ತಂದೆಯ ಬೋಳು ಹಣೆಯನ್ನು ನೋಡುತ್ತಿದ್ದಳು. ಸೆರಗಿನಂತೆ ವೇಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು. ಮಣೆ ಎತ್ತಿಕೊಂಡು ಬಂದು ಕಂಪ್ಯೂಟರಿನ ಪಕ್ಕದ ಜಗುಲಿಯ ಮುಂದೆ ಹಾಕಿದಳು. ಗಿಂಡಿ ತಂದಳು, ಹೂವು ತಂದಳು. ಕೊನೆಗೆ ವಿಭೂತಿ ಗಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದೆಯ ಮುಂದೆ ನಿಂತಳು. ಅವರು ಕೂಡಲೇ ತೆಗೆದುಕೊಳ್ಳಲಿಲ್ಲ. ಒಮ್ಮೆ ಕಂಪ್ಯೂಟರ್ ನೋಡಿದರು, ಆಮೇಲೆ ನರೇಂದ್ರನ ಕಡೆ ತಿರುಗಿದರು.

"ಇಲ್ಲೇ ಹಚ್ಕೊಳ್ಳಲೇನ್ರಿ ಸರ?" ಎಂದು ಕೇಳಿದರು.

ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಎಪ್ಪತ್ತರ ಹತ್ತಿರದ ಆ ಮನುಷ್ಯ ತಮ್ಮ ಮನೆಯಲ್ಲಿ, ತಮ್ಮ ಜಗುಲಿಯ ಮುಂದೆ, ತಮ್ಮ ಹಣೆಗೆ ಹಚ್ಚಿಕೊಳ್ಳುವುದಕ್ಕೆ ಅವನ ಅಪ್ಪಣೆಯನ್ನು ನಿಜವಾಗಿಯೂ ಕೇಳುತ್ತಿದ್ದರು. ಅವನು ಏನು ಹೇಳುತ್ತಾನೋ ಎಂದು ಕೈ ತಡೆದು ಕಾಯುತ್ತಿದ್ದರು.